ಮುಂಗೈ ಮೇಲಿನ ಎರಡಿಂಚು

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಪುರುಸೊತ್ತಿರಲಿಲ್ಲ ಅನ್ನೋದು ಬರೀ ನೆಪ, ಜಗಳ ಆಡೋಕೆ ಪುರುಸೊತ್ತಿತ್ತಲ್ಲ! ಎರಡು ವಾರದಿಂದ ನಮ್ಮನೇಲಿ ಅದೇ ನಡೀತಿರೋದು. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿರೋ ಮಗಳಿಗೆ ಟ್ಯಾಟೂ ಬೇಕಂತೆ. ಮುಂಗೈ ಒಳಭಾಗದಲ್ಲಿ, ಎರಡಿಂಚು ಉದ್ದ, ಸಮುದ್ರದ ಮೂರು ಅಲೆ. ಮೈಸೂರಲ್ಲೇ ಹುಟ್ಟಿ ಬೆಳೆದ ಹುಡುಗಿ, ಸಮುದ್ರ ನೋಡಿದ್ದೇ ಎರಡು ಸಲ. ಅದರಲ್ಲೂ ಒಂದು ಸಲ ಕಾರಿನ ಕಿಟಕಿಯಿಂದ.

ವಿಷಯ ಹೊರಬಿದ್ದ ದಿನವೇ ಎಲ್ಲರೂ ಮುಗಿಬಿದ್ದೆವು. ನಮ್ಮನೆಯವರು "ಸರ್ಕಾರಿ ಕೆಲಸ ಸಿಗಲ್ಲ" ಅಂದರು. ನಾನು "ಜೀವನಪೂರ್ತಿ ಯಾರಿಗೂ ರಕ್ತ ಕೊಡೋ ಹಾಗಿಲ್ಲ" ಅಂದೆ. ನಮ್ಮಣ್ಣ ಬೆಂಗಳೂರಿಂದ ಫೋನ್ ಮಾಡಿ "ಕ್ಯಾನ್ಸರ್ ಬರುತ್ತೆ ಪುಟ್ಟಿ, ಡಾಕ್ಟರೇ ಹೇಳಿದಾರೆ" ಅಂದ. ಯಾವ ಡಾಕ್ಟರು ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ನಾದಿನಿ ಎಲ್ಲರಿಗಿಂತ ಜೋರು, "ನಾಳೆ ಗಂಡಿನ ಕಡೆಯವರು ನೋಡೋಕೆ ಬಂದಾಗ ಏನ್ ಹೇಳ್ತೀರ ಅತ್ತಿಗೆ?"

ಮೂರು ದಿನ ಮಗಳು ತುಟಿ ಬಿಚ್ಚಲಿಲ್ಲ. ಗೆದ್ವಿ ಅಂದುಕೊಂಡೆವು. ಭಾನುವಾರ ಊಟಕ್ಕೆ ಕೂತಾಗ ಒಂದೊಂದಾಗಿ ಬಿಚ್ಚಿದಳು ನೋಡಿ.

ಸರ್ಕಾರಿ ಕೆಲಸ: ಸೈನ್ಯದಲ್ಲಿ, ಅರೆಸೇನಾ ಪಡೆಗಳಲ್ಲಿ ನಿಯಮ ಇರೋದು ನಿಜ. ಆದರೆ ಸೈನ್ಯದವರೂ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಭಾಗದಲ್ಲಿ ಮತ್ತು ಅಂಗೈ ಹಿಂಬದಿಯಲ್ಲಿ ಇದ್ದರೆ ಒಪ್ಪುತ್ತಾರೆ. ಬುಡಕಟ್ಟಿನವರಿಗೆ ಅವರ ಸಂಪ್ರದಾಯದ ಪ್ರಕಾರ ವಿನಾಯಿತಿ ಬೇರೆ ಇದೆ. ಬ್ಯಾಂಕ್ ಪರೀಕ್ಷೆ ಬರೆಯೋಳನ್ನ ತೋಳು ತೋರಿಸು ಅಂತ ಕೇಳೋರು ಯಾರು? ರಕ್ತ: ಹಾಕಿಸಿಕೊಂಡ ಮೇಲೆ ಒಂದು ವರ್ಷ ಕೊಡೋ ಹಾಗಿಲ್ಲ, ಆಮೇಲೆ ಕೊಡಬಹುದು. ಕ್ಯಾನ್ಸರ್: 2024ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರ ಅಧ್ಯಯನ ಬಂದಿತ್ತು. ಹಚ್ಚೆ ಇದ್ದವರಲ್ಲಿ ಲಿಂಫೋಮಾ ಅನ್ನೋ ಕ್ಯಾನ್ಸರಿನ ಅಪಾಯ ಶೇ. 21ರಷ್ಟು ಹೆಚ್ಚು ಕಂಡಿದೆ, ಆದರೆ ಹಚ್ಚೆಯೇ ಕಾರಣ ಅಂತ ಸಾಬೀತಾಗಿಲ್ಲ. ಹಚ್ಚೆ ದೊಡ್ಡದಾದಷ್ಟೂ ಅಪಾಯ ಹೆಚ್ಚುತ್ತೆ ಅನ್ನೋದೂ ಅದರಲ್ಲಿ ಕಂಡಿಲ್ಲ. ಗಂಡಿನ ಕಡೆಯವರ ಬಗ್ಗೆ ಅವಳು ಹೇಳಿದ್ದನ್ನ ಇಲ್ಲಿ ಬರೆಯೋ ಹಾಗಿಲ್ಲ :)

ನಮ್ಮನೆಯವರು ಸಾರು ಬಡಿಸಿಕೊಳ್ಳೋಕೆ ಎದ್ದು ಹೋದರು, ತಟ್ಟೇಲಿ ಸಾರಿದ್ದರೂ.

ಅವಳು ವಾದದಲ್ಲಿ ಗೆದ್ದಿದ್ದು ನನಗೆ ಬೇಜಾರಾಗಲಿಲ್ಲ ಸ್ವಾಮಿ. ಬೇಜಾರಾಗಿದ್ದು ಆಮೇಲೆ. ಹೆಪಟೈಟಿಸ್ ಬಿ, ಸಿ ಎರಡೂ ಸರಿಯಾಗಿ ಶುದ್ಧ ಮಾಡದ ಸೂಜಿಯಿಂದ ಹರಡುತ್ತವೆ, ಇದು ಗಾಳಿಸುದ್ದಿ ಅಲ್ಲ. ಅದನ್ನ ಹೇಳಿದೆ. ಅವಳು ನಕ್ಕುಬಿಟ್ಟಳು. "ಇದೂ ಮಾವನ ವಾಟ್ಸಾಪಿಂದಾನಾ ಅಮ್ಮಾ?"

ಇದಕ್ಕೇ ಈ ಬರಹ. ಅಪ್ಪ ಅಮ್ಮಂದಿರೇ, ನಾವು ಸುಳ್ಳು ಹೇಳ್ತೀವಿ. ಒಳ್ಳೇದಕ್ಕೇ ಹೇಳ್ತೀವಿ ಅಂತ ಅಂದುಕೊಂಡು ಹೇಳ್ತೀವಿ. ಮೂರು ವರ್ಷದ ಮಗುಗೆ ಗುಮ್ಮ ಬರ್ತಾನೆ ಅಂತ ಹೆದರಿಸಿ ಊಟ ಮಾಡಿಸಿದ ಅಭ್ಯಾಸ ಅದು, ಹತ್ತೊಂಬತ್ತಕ್ಕೂ ಬಿಟ್ಟಿಲ್ಲ. ಗುಮ್ಮ ಇಲ್ಲ ಅಂತ ಗೊತ್ತಾದ ದಿನ ಮಗು ಗುಮ್ಮನ್ನ ಮಾತ್ರ ನಂಬೋದು ಬಿಡಲ್ಲ, ನಿಜವಾದ ಹಾವನ್ನ ತೋರಿಸಿದರೂ ಅಮ್ಮ ಮತ್ತೆ ಶುರು ಮಾಡಿದಳು ಅಂದುಕೊಳ್ಳುತ್ತೆ. ನಾನು ಹೇಳಬೇಕಾಗಿದ್ದ ಒಂದೇ ಒಂದು ನಿಜವನ್ನ ನಾನೇ ಕೈಯಾರೆ ಹಾಳು ಮಾಡಿಕೊಂಡೆ.

ಇನ್ನೊಂದು ಬಾಣ ಇತ್ತಲ್ಲ, "ದೇವರು ಕೊಟ್ಟ ದೇಹ, ಅದರ ಮೇಲೆ ಗೀಚಬಾರದು" ಅನ್ನೋದು. ಅದನ್ನ ಬಿಟ್ಟವಳೂ ನಾನೇ. ಇವಳಿಗೆ ಹನ್ನೊಂದು ತಿಂಗಳಿದ್ದಾಗ ಸೋದರಮಾವನ ತೊಡೆ ಮೇಲೆ ಕೂರಿಸಿ ಕಿವಿ ಚುಚ್ಚಿಸಿದ್ವಿ. ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದವಳು ನಾನು. ಮಗು ಕಿರುಚಿ ಕೆಂಪಾಗಿದ್ದಾಗ ಸುತ್ತ ನಿಂತವರೆಲ್ಲ ನಗ್ತಾ ಫೋಟೋ ತೆಗೆದರು. ನನ್ನ ಮೂಗು ಚುಚ್ಚಿಸುವಾಗ ನನ್ನನ್ನೂ ಯಾರೂ ಕೇಳಿರಲಿಲ್ಲ. ಅಂದರೆ ಹೆಣ್ಣುಮಕ್ಕಳ ಮೈಗೆ ಸೂಜಿ ಹಾಕೋದಕ್ಕೆ ನಮ್ಮ ತಕರಾರೇನೂ ಇಲ್ಲ. ಅವಳಾಗೇ ಕೇಳಬಾರದು, ಅಷ್ಟೇ.

"ನಮ್ಮ ಸಂಸ್ಕೃತಿ ಅಲ್ಲ" ಅಂತ ನಾದಿನಿ ಅಂದಾಗಂತೂ ನಾನು ಅವಳ ಪಕ್ಕದಲ್ಲಿದ್ದ ಅತ್ತೆಯವರ ಕೈ ನೋಡಿದೆ. ನಾಗಮಂಗಲ ಕಡೆಯವರು. ಎರಡೂ ಮುಂಗೈ ತುಂಬ ಹಸಿರು ಹಚ್ಚೆ. ಎಡಗೈಯಲ್ಲಿ ಚೇಳು, ತೊಟ್ಟಿಲು, ಬಲಗೈಯಲ್ಲಿ ತುಳಸಿಕಟ್ಟೆ, ಸುತ್ತ ಚುಕ್ಕಿ. ಈಗ ಚರ್ಮ ಸುಕ್ಕಾಗಿ ಚೇಳು ಯಾವುದು ತೊಟ್ಟಿಲು ಯಾವುದು ಅಂತ ಅವರೇ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಹಚ್ಚೆ ಹುಯ್ಯೋ ಕೊರಮರ ಹೆಂಗಸರು ಊರಿಗೆ ಬರ್ತಿದ್ದರಂತೆ. ದೀಪದ ಕಪ್ಪು, ಸೊಪ್ಪಿನ ರಸ, ಕಟ್ಟಿದ ಮೂರ್ನಾಲ್ಕು ಸೂಜಿ, ಜೊತೆಗೆ ನೋವು ಮರೆಸೋಕೆ ಹಾಡು. ಇವರಿಗಾಗ ಹತ್ತು ವರ್ಷ. ಓಡಿಹೋಗಿ ಕಣಜದ ಹಿಂದೆ ಬಚ್ಚಿಟ್ಟುಕೊಂಡವರನ್ನ ದೊಡ್ಡಮ್ಮ ಎಳಕೊಂಡು ಬಂದು ಹಿಡಿದುಕೊಂಡಳಂತೆ. ಕೂಲಿ ಒಂದು ಸೇರು ರಾಗಿ, ಎಲೆ ಅಡಿಕೆ. "ಒಡವೆ ವಸ್ತ್ರ ಎಲ್ಲಾ ಇಲ್ಲೇ ಬಿಚ್ಚಿಕೊಳ್ತಾರೆ, ಸತ್ತಾಗ ಜೊತೇಲಿ ಬರೋದು ಹಚ್ಚೆ ಒಂದೇ" ಅಂತ ಸಮಾಧಾನ ಹೇಳಿದರಂತೆ.

ಈ ಜಗಳದಲ್ಲಿ ಅತ್ತೆ ಮೊಮ್ಮಗಳ ಪರ ನಿಂತರು ಅಂದುಕೊಂಡಿರಾ? ಇಲ್ಲ. "ಬ್ಯಾಡ ಕಣವ್ವ, ಯಾಕ್ ಸುಮ್ನೆ ನೋಯಿಸ್ಕೊಂತೀಯ. ನಮ್ಮನ್ನೇನ್ ಯಾರಾದ್ರೂ ಕೇಳಿದ್ರಾ?" ಅಂದರು. ನಮ್ಮ ವಾದಗಳಿಗಿಂತ ಅದೇ ಸಾಚಾ ಮಾತು.

ಈಗ ನನ್ನ ತಪ್ಪೊಪ್ಪಿಗೆ. ಮಗಳು ಆರನೇ ಕ್ಲಾಸಲ್ಲಿದ್ದಾಗ ಅವಳ ಸ್ಕೂಲ್ ಡೇಗೆ ಅತ್ತೆಯವರನ್ನೂ ಕರಕೊಂಡು ಹೊರಟಿದ್ವಿ. ಆಗ ನಾನು "ಅತ್ತೆ, ಆ ಉದ್ದ ತೋಳಿನ ರವಿಕೆ ಹಾಕ್ಕೊಳಿ, ಎಸಿ ಇರುತ್ತೆ, ಚಳಿ ಆಗುತ್ತೆ" ಅಂದಿದ್ದೆ. ಎಸಿ ಇರಲಿಲ್ಲ. ಫ್ಯಾನೂ ನೆಟ್ಟಗಿರಲಿಲ್ಲ. ಅವರಿಗೆ ಅರ್ಥವಾಯಿತು. ಮಾತಾಡದೆ ಹಾಕಿಕೊಂಡರು. ಅವತ್ತಿನಿಂದ ಇವತ್ತಿನವರೆಗೂ ಪಟ್ಟಣದ ಯಾವ ಮದುವೆಗೆ ಹೋದರೂ ಸೆರಗು ಎಳೆದು ಕೈ ಮುಚ್ಚಿಕೊಂಡೇ ಕೂರ್ತಾರೆ. ಹಚ್ಚೆ ಅಂದರೆ ಹೊಲದಲ್ಲಿ ಕಳೆ ಕೀಳೋರದ್ದು, ಓದಿಲ್ಲದೋರದ್ದು, "ನಮ್ಮಂಥೋರ" ಮನೇದಲ್ಲ ಅನ್ನೋ ಜಂಬ ನಮ್ಮದು. ಅದನ್ನೇ ಈಗ ಆರೋಗ್ಯ, ಉದ್ಯೋಗ, ಸಂಸ್ಕೃತಿ ಅಂತ ಬೇರೆ ಬೇರೆ ಬಟ್ಟೆ ತೊಡಿಸಿ ಮಗಳ ಮುಂದೆ ನಿಲ್ಲಿಸ್ತಿದ್ದೀವಿ. ಅವಳು ಎಲ್ಲ ಬಟ್ಟೆ ಕಿತ್ತು ಹಾಕಿದಳು ಅಂತ ಕೋಪ!

ಹಾಗಂತ ಹಾಕಿಸ್ಕೊಳ್ಳಮ್ಮ ಅಂತ ಆರತಿ ಎತ್ತೋಳೂ ನಾನಲ್ಲ. "ಅವರ ದೇಹ ಅವರ ಇಷ್ಟ" ಅಂತ ಒಂದೇ ಸಾಲಲ್ಲಿ ಕೈತೊಳಕೊಳ್ಳೋ ಪೋಷಕರನ್ನ ಕಂಡರೂ ನನಗೆ ಅಷ್ಟಕ್ಕಷ್ಟೇ. ಶಾಯಿ ಹೋಗಿ ಕೂರೋದು ಚರ್ಮದ ಕೆಳಪದರದಲ್ಲಿ. ಮೈ ಕಾಯೋ ಜೀವಕೋಶಗಳು ಅದನ್ನ ನುಂಗಿ, ಅರಗಿಸಲಾರದೆ ಇಟ್ಟುಕೊಂಡಿರುತ್ತವೆ, ಅದಕ್ಕೇ ಅಳಿಸಲ್ಲ. ಲೇಸರ್ ಅಂದರೆ ಹತ್ತಾರು ಸಲ ಓಡಾಟ, ಹಾಕಿಸಿದ್ದಕ್ಕಿಂತ ಎಷ್ಟೋ ಪಾಲು ಖರ್ಚು, ಆದರೂ ಪೂರ್ತಿ ಹೋಗುತ್ತೆ ಅನ್ನೋ ಖಾತ್ರಿ ಇಲ್ಲ. ಯುರೋಪ್ ಒಕ್ಕೂಟದವರು 2022ರಿಂದ ಹಚ್ಚೆ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಕಡಿವಾಣ ಹಾಕಿದ್ದಾರೆ. ನಮ್ಮಲ್ಲಿ 2025ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯವರು ಶಾಯಿಯ ಮಾದರಿಗಳಲ್ಲಿ ಭಾರ ಲೋಹ ಸಿಕ್ಕಿವೆ ಅಂತ ಹೇಳಿದರು. ತುಟಿಗೆ ಹಚ್ಚೋ ಬಣ್ಣಕ್ಕೆ ಇರೋ ಕಾಯಿದೆ ಚರ್ಮದೊಳಗೆ ಚುಚ್ಚೋ ಬಣ್ಣಕ್ಕೂ ಇರಬೇಕು ಅಂತ ಬೀದಿಗಿಳಿದು ಕೇಳಬೇಕಾದ ಅಪ್ಪ ಅಮ್ಮಂದಿರು ನಾವು. ನಾವೇನ್ ಮಾಡ್ತಿದ್ದೀವಿ? ಗಂಡು ಸಿಗಲ್ಲ ಅಂತ ಕೂತಿದ್ದೀವಿ.

ನನಗೆ ಬೇಡ ಅನ್ನಿಸೋಕೆ ನಿಜವಾದ ಕಾರಣ ಇನ್ನೊಂದಿದೆ. ಅದಕ್ಕೆ ಸಾಕ್ಷಿ ಪುರಾವೆ ಏನೂ ಇಲ್ಲ. ಆ ಕೈಯನ್ನ ಹತ್ತೊಂಬತ್ತು ವರ್ಷ ನೋಡಿದೀನಿ. ಎಲ್ಲಿ ಮಚ್ಚೆ ಇದೆ, ಎಲ್ಲಿ ಕುಕ್ಕರ್ ತಾಗಿ ಸುಟ್ಟಿದ್ದು ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ನನಗೆ ಗೊತ್ತಿಲ್ಲದ್ದೊಂದು ಅಲ್ಲಿ ಬಂದು ಕೂರುತ್ತಲ್ಲ ಅಂತ ಸಂಕಟ. ಮೊನ್ನೆ ರಾತ್ರಿ ಬಟ್ಟೆ ಮಡಚುವಾಗ ಇದನ್ನ ಇದ್ದ ಹಾಗೇ ಹೇಳಿದೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಆ ಹೆಪಟೈಟಿಸ್ ವಿಷಯ ನಿಜಾನಾ?" ಅಂದಳು.

ಸೆಮಿಸ್ಟರ್ ಪರೀಕ್ಷೆ ಮುಗಿಯೋವರೆಗೂ ಕಾಯ್ತಾಳಂತೆ. ದುಡ್ಡು ಅವಳದ್ದೇ, ಟ್ಯೂಷನ್ ಹೇಳಿಕೊಟ್ಟು ಕೂಡಿಟ್ಟಿದ್ದು. ಈ ಶನಿವಾರ ಇಬ್ಬರೂ ಆ ಅಂಗಡಿಗೆ ಹೋಗಿ, ಸೂಜಿ ಪೊಟ್ಟಣ ಯಾರ ಎದುರಿಗೆ ಒಡೀತಾರೆ, ಶಾಯಿ ಬಾಟಲಿ ಮೇಲೆ ಏನು ಬರೆದಿದೆ, ಗ್ಲೌಸು ಎಷ್ಟು ಸಲ ಬದಲಾಯಿಸ್ತಾರೆ ಅಂತ ನೋಡಿಕೊಂಡು ಬರೋದು ಅಂತ ಮಾತಾಗಿದೆ. ನೋಡೋದಷ್ಟೇ. ಅತ್ತೆಯವರೂ ಬರ್ತೀನಿ ಅಂದಿದ್ದಾರೆ, ಮಿಷಿನ್ನಲ್ಲಿ ಹೆಂಗೆ ಹುಯ್ತಾರೋ ನೋಡಬೇಕಂತೆ.

ನಮ್ಮನೆಯವರಿಗೆ ಇನ್ನೂ ಹೇಳಿಲ್ಲ.