ಹಾಸಿಗೆಯ ಗಡುಸೂ ಸೊಂಟದ ನೋವೂ

ಬೆನ್ನುನೋವಿನವರು ಕಲ್ಲಿನಂಥ ಹಾಸಿಗೆಯ ಮೇಲೆಯೇ ಮಲಗತಕ್ಕದ್ದೆಂಬ ನಂಬಿಕೆಯು ನಮ್ಮ ಗೃಹಸ್ಥರಲ್ಲಿ ಆಳವಾಗಿ ಬೇರೂರಿದೆ. ವೈದ್ಯರು ಕೂಡ ಹಿಂದೆ ಹಲಗೆಯ ಮೇಲೆ ಮಲಗೆಂದು ವಿಧಿಸುತ್ತಿದ್ದುದುಂಟು. ಆದುದರಿಂದಲೇ ತಂದೆಗೆ ಸೊಂಟ ಹಿಡಿದೊಡನೆ ಮಕ್ಕಳು ಅಂಗಡಿಗೆ ಹೋಗಿ, ಇದ್ದುದರಲ್ಲಿ ಅತ್ಯಂತ ಗಡುಸಾದುದನ್ನು ಸಾವಿರಾರು ರೂಪಾಯಿ ತೆತ್ತು ತರುತ್ತಾರೆ. ಮುದುಕರು ರಾತ್ರಿಯೆಲ್ಲ ಹೊರಳಾಡಿ, ಮಕ್ಕಳ ಮನಸ್ಸು ನೊಂದೀತೆಂದು ಬೆಳಗ್ಗೆ ಸುಮ್ಮನಿರುತ್ತಾರೆ.

ಸ್ಪೇನ್ ದೇಶದ ವೈದ್ಯರು ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದರು. ಬಹುಕಾಲದ ಸೊಂಟನೋವುಳ್ಳ 313 ಮಂದಿಯಲ್ಲಿ ಕೆಲವರಿಗೆ ಗಡುಸು ಹಾಸಿಗೆಯನ್ನೂ ಉಳಿದವರಿಗೆ ಮಧ್ಯಮ ಗಡುಸಿನದನ್ನೂ ಕೊಟ್ಟು, ಯಾರದು ಯಾವುದೆಂದು ತಿಳಿಸದೆ 90 ದಿನ ನೋಡಿದರು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲವು ಮಧ್ಯಮಕ್ಕೇ ಅನುಕೂಲವಾಗಿತ್ತು. ಮಲಗಿದಾಗಿನ ನೋವೂ ಎದ್ದಾಗಿನ ನೋವೂ ಅವರಲ್ಲಿಯೇ ಹೆಚ್ಚಾಗಿ ತಗ್ಗಿದುವು.

ಇದರಲ್ಲಿ ಆಶ್ಚರ್ಯವಿಲ್ಲ. ಬೆನ್ನೆಲುಬು ನೆಟ್ಟಗಿನ ಕೋಲಲ್ಲ. ಸೊಂಟದ ಬಳಿ ಒಳಕ್ಕೆ ಬಾಗಿದೆ. ಹಾಸಿಗೆ ಅತಿ ಗಡುಸಾದರೆ ಭುಜ ನಿತಂಬಗಳೇ ಭಾರ ಹೊತ್ತು, ಸೊಂಟವು ಆಸರೆಯಿಲ್ಲದೆ ನಿಲ್ಲುತ್ತದೆ. ಅತಿ ಮೆತ್ತಗಾದರೆ ನಿತಂಬವು ಹಳ್ಳಕ್ಕಿಳಿಯುತ್ತದೆ.

‘ಶಯ್ಯೆ’ ಎಂಬ ಶಬ್ದವು ಮಲಗುವುದೆಂಬ ಅರ್ಥದ ‘ಶೀ’ ಧಾತುವಿನಿಂದ ಬಂದುದು. ನಮ್ಮ ಜನರಾದರೋ ಅಂಗಡಿಯಲ್ಲಿ ಅದರ ಮೇಲೆ ಕುಳಿತು, ಎರಡು ಗುದ್ದು ಗುದ್ದಿ, ಬೆಲೆ ಕೇಳುತ್ತಾರೆ! ಸಂಕೋಚವನ್ನು ಬಿಟ್ಟು ಹತ್ತು ಹದಿನೈದು ನಿಮಿಷ ಮಲಗಬೇಕು. ಮಲಗತಕ್ಕವರೇ ಹೋಗಿ ಮಲಗಬೇಕು. ಅಂಗಾತ ಮಲಗಿ ಸೊಂಟದಡಿಗೆ ಅಂಗೈ ತೂರಿಸಿದಾಗ, ಸಲೀಸಾಗಿ ಹಾದುಹೋದರೆ ಹಾಸಿಗೆ ಗಡುಸಾಯಿತೆಂದೂ, ತೂರಲೇ ಆಗದಿದ್ದರೆ ಮೆತ್ತಗಾಯಿತೆಂದೂ ಸ್ಥೂಲವಾಗಿ ತಿಳಿಯಬಹುದು. ಮಗ್ಗುಲಾಗಿ ಮಲಗುವವರಿಗೆ ಭುಜವು ಕೊಂಚ ಇಳಿಯುವಂಥದು ಬೇಕು; ಸ್ಥೂಲಕಾಯರಿಗೆ ತುಸು ಬಿಗಿಯಾದುದೇ ಸರಿ. ‘ಆರ್ಥೋಪೆಡಿಕ್’ ಎಂಬ ಚೀಟಿಯನ್ನು ನೋಡಿ ಹಣ ಬಿಚ್ಚಬಾರದು. ಆ ಮಾತು ಅಂಗೈ ಪರೀಕ್ಷೆಗೆ ಬದಲಾಗಲಾರದು.

ಕೊಳ್ಳುವ ಮುಂಚೆ ಮಂಚವನ್ನೂ ನೋಡಿರಿ. ಜೋತುಬಿದ್ದ ನವಾರಿನ ಮೇಲೆ ಎಂಥ ಹಾಸಿಗೆಯೂ ಜೋತುಬೀಳುವುದು. ಮನೆಯ ಹತ್ತಿಯ ಹಾಸಿಗೆಯು ನಡುವೆ ಗುಳಿಬಿದ್ದು ಗಂಟುಗಟ್ಟಿದ್ದರೆ, ಅರಳೆಯನ್ನು ಹಿಂಜಿಸಿ ಸಮವಾಗಿ ತುಂಬಿಸಿ ಹೊಲಿಸಿ ಮೊದಲು ಕೆಲವು ದಿನ ಮಲಗಿ ನೋಡುವುದು ಮೇಲು. ಅದರಿಂದಲೇ ನೋವು ತಗ್ಗಿದರೆ ಹೊಸದರ ಖರ್ಚು ಉಳಿಯಿತು.

ಹಸುಗೂಸುಗಳಿಗೆ ಮಾತ್ರ ಈ ಮಧ್ಯಮಮಾರ್ಗ ಸಲ್ಲದು. ಮೆತ್ತನೆಯ ಹಾಸಿನಲ್ಲಿ ಮೂಗುಬಾಯಿ ಹುದುಗಿ ಉಸಿರು ಕಟ್ಟುವ ಭಯವುಂಟು. ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ, ದಿಂಬಿಲ್ಲದೆ, ಅಂಗಾತವಾಗಿಯೇ ಮಲಗಿಸತಕ್ಕದ್ದು.