ಅಂಕವನ್ನು ಕಾಲದಿಂದ ಭಾಗಿಸಿದಾಗ

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ, ಪ್ರತಿ ಬೇಸಿಗೆಯಲ್ಲೂ ಮೌಲ್ಯಮಾಪನ ಕೇಂದ್ರದ ಬೆಂಚಿನ ಮೇಲೆ ಕುಳಿತು ಕಟ್ಟುಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದಿ ನಿವೃತ್ತನಾದವನು ನಾನು. ಹಾಗಾಗಿ ಅಂಕ ಕೊಡುವ ಹೊಸ ಕ್ರಮವೊಂದು ಕಣ್ಣಿಗೆ ಬಿದ್ದರೆ, ಅದು ಯಾವ ಆಟದ್ದೇ ಆಗಿರಲಿ, ಅದರ ಒಳಗುಟ್ಟನ್ನು ತಿಳಿಯದೆ ನನಗೆ ಸಮಾಧಾನವಿಲ್ಲ. ಇಂದು ಬರೆಯಹೊರಟಿರುವುದು ಅಂಥದೊಂದು ಕ್ರಮದ ಬಗ್ಗೆ. ಅದು ಪಿಸ್ತೂಲ್ ಸ್ಪರ್ಧೆಯೊಂದರ ಲೆಕ್ಕ ಎಂದರೆ ಓದುಗ ಮಿತ್ರರು ಹುಬ್ಬೇರಿಸಬಹುದು. ನಾನೂ ಹುಬ್ಬೇರಿಸಿದವನೇ.

2023ರಲ್ಲಿ ಮಗಳ ಮನೆಗೆಂದು ಅಮೆರಿಕದ ಡಲ್ಲಾಸ್ ನಗರಕ್ಕೆ ಹೋಗಿದ್ದೆ. ಅಳಿಯಂದಿರಿಗೆ ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್‌ನ ಹವ್ಯಾಸ. ಒಂದು ಶನಿವಾರ, "ಮಾವ, ನೀವೂ ಬನ್ನಿ. ಗುಂಡಿನ ಸದ್ದು ಹಿಡಿಸದಿದ್ದರೂ ಅಂಕದ ಲೆಕ್ಕ ಖಂಡಿತ ಹಿಡಿಸುತ್ತದೆ" ಎಂದು ಕರೆದರು. ನಮ್ಮೂರಿನ ಬ್ಯಾಂಕಿನ ಕಾವಲುಗಾರನ ಹೆಗಲ ಮೇಲಿನ ಜೋಡಿನಳಿಗೆಯ ಬಂದೂಕನ್ನು ಬಿಟ್ಟರೆ ಬೇರೊಂದನ್ನು ಹತ್ತಿರದಿಂದ ಕಂಡವನಲ್ಲ ನಾನು. ಅಳುಕುತ್ತಲೇ ಹೋದೆ. ಬಂದೂಕಿನ ಬಗ್ಗೆ ಆ ದೇಶದಲ್ಲಿ ನಡೆಯುವ ವಾದವಿವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ. ನನ್ನ ಮಾತು ಅಂಕಕ್ಕೆ ಸೀಮಿತ.

ನಮ್ಮವರಿಗೆ ಪರಿಚಯವಿರುವುದು ಒಲಿಂಪಿಕ್ ಶೂಟಿಂಗ್. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ 60 ಗುಂಡುಗಳಿಗೆ 75 ನಿಮಿಷ ಕಾಲಾವಕಾಶ. ಅದೊಂದು ಬಗೆಯ ತಪಸ್ಸು. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಐದು ಗುಂಡುಗಳಿಗೆ ಮೊದಲು 8, ಆಮೇಲೆ 6, ಕಡೆಗೆ 4 ಸೆಕೆಂಡು. ಆದರೆ ಅಲ್ಲಿಯೂ ಕಾಲವೆಂಬುದು ಒಂದು ಗೋಡೆ ಮಾತ್ರ. ಗೋಡೆಯ ಈಚೆಗೆ ಮುಗಿಸಿದರೆ ಸಾಕು, ಅರ್ಧ ಸೆಕೆಂಡು ಮೊದಲೇ ಮುಗಿಸಿದವನಿಗೆ ಹೆಚ್ಚಿನ ಫಲವೇನಿಲ್ಲ. ನಮ್ಮ ಮೂರು ಗಂಟೆಯ ಪರೀಕ್ಷೆಯೂ ಹೀಗೆಯೇ.

ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಕಾಲ ಗೋಡೆಯಲ್ಲ, ಭಾಜಕ. ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಪಿಎಸ್‌ಸಿ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಹುಟ್ಟಿತು. ಜೆಫ್ ಕೂಪರ್ ಮೊದಲ ಅಧ್ಯಕ್ಷರು. ನಿಖರತೆ, ಶಕ್ತಿ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಅದರ ಧ್ಯೇಯವಾಕ್ಯ. ಆ ಮೂರನ್ನೂ ಒಂದೇ ಸಂಖ್ಯೆಯಲ್ಲಿ ಹಿಡಿದಿಡುವುದು ಹೇಗೆ ಎಂಬುದೇ ಅಂಕದ ಸಮಸ್ಯೆ.

ನಾನು ಕಂಡ ಮೈದಾನದಲ್ಲಿ ಮಣ್ಣಿನ ಎತ್ತರದ ದಿಬ್ಬಗಳ ನಡುವೆ ಮರದ ಚೌಕಟ್ಟು, ಪೀಪಾಯಿಗಳ ಮರೆಯಲ್ಲಿ ಕಂದು ಬಣ್ಣದ ರಟ್ಟಿನ ಗುರಿಹಲಗೆಗಳು ನಿಂತಿದ್ದವು. ಸ್ಪರ್ಧಿ ಮೊದಲು ಬರಿಗೈಯಲ್ಲಿ ನಡೆದಾಡಿ ಯಾವುದನ್ನು ಎಲ್ಲಿಂದ ಹೊಡೆಯಬೇಕೆಂದು ಯೋಚಿಸಿಕೊಳ್ಳುತ್ತಾನೆ. ನಮ್ಮ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಂತೆ. ಆಮೇಲೆ ಟೈಮರ್ ಕೂಗುತ್ತದೆ. ಅದು ಪ್ರತಿ ಗುಂಡಿನ ಸದ್ದನ್ನೂ ಕೇಳಿಸಿಕೊಂಡು ಸೆಕೆಂಡಿನ ನೂರನೆಯ ಭಾಗದವರೆಗೆ ಬರೆದಿಡುತ್ತದೆ. ಕೊನೆಯ ಗುಂಡಿನ ಹೊತ್ತೇ ಸ್ಪರ್ಧಿಯ ಕಾಲ.

ಹಲಗೆಯಲ್ಲಿ ಎ, ಸಿ, ಡಿ ಎಂಬ ವಲಯಗಳು. ಬಿ ಎಲ್ಲಿ ಹೋಯಿತೆಂದು ಕೇಳಿದೆ. ಹಿಂದೆ ಅದು ಹಲಗೆಯ ತಲೆಯ ಭಾಗದಲ್ಲಿತ್ತಂತೆ. ಅದಕ್ಕೂ ಸಿ ವಲಯಕ್ಕೂ ಅಂಕ ಒಂದೇ ಆದುದರಿಂದ ಕೈಬಿಟ್ಟರಂತೆ. ನಡುವಿನ ಎ ವಲಯಕ್ಕೆ ಎಲ್ಲರಿಗೂ 5 ಅಂಕ. ಸಿ, ಡಿ ವಲಯಗಳ ಅಂಕ ಮಾತ್ರ ಗುಂಡಿನ ಶಕ್ತಿಯನ್ನು ಅವಲಂಬಿಸಿದೆ. ಗ್ರೇನ್‌ಗಳಲ್ಲಿ ಗುಂಡಿನ ತೂಕ, ಸೆಕೆಂಡಿಗೆ ಅಡಿಗಳಲ್ಲಿ ಅದರ ವೇಗ, ಇವೆರಡನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಬರುವುದು ಪವರ್ ಫ್ಯಾಕ್ಟರ್. 115 ಗ್ರೇನ್ ತೂಕದ ಗುಂಡು 1150 ಅಡಿ ವೇಗದಲ್ಲಿ ಹೋದರೆ 132.25. ಇದು 125ರ ಕನಿಷ್ಠ ಮಿತಿಯನ್ನು ದಾಟಿದ್ದರಿಂದ 'ಮೈನರ್'. 180 ಗ್ರೇನ್ ಗುಂಡು 950 ಅಡಿ ವೇಗದಲ್ಲಿ ಹೋದರೆ 171. ಇದು 'ಮೇಜರ್', ಅದರ ಮಿತಿ ಅಮೆರಿಕದ ಸಂಘದಲ್ಲಿ 165, ಅಂತರರಾಷ್ಟ್ರೀಯ ನಿಯಮದ ಸ್ಟ್ಯಾಂಡರ್ಡ್ ವಿಭಾಗದಲ್ಲಿ 170. ಮೇಜರ್ ಆದವರಿಗೆ ಸಿ 4, ಡಿ 2. ಮೈನರ್ ಆದವರಿಗೆ ಸಿ 3, ಡಿ 1. ಶಕ್ತಿ ಹೆಚ್ಚಿದರೆ ಕೈ ಕುಲುಕುವುದೂ ಹೆಚ್ಚು, ಮುಂದಿನ ಗುರಿಗೆ ತಡವಾಗುತ್ತದೆ. ಆ ಕಷ್ಟಕ್ಕೆ ಕೊಡುವ ರಿಯಾಯಿತಿ ಇದು. ಗುರಿ ಪೂರ್ತಿ ತಪ್ಪಿದರೆ 10 ಅಂಕ ಕಳೆಯುತ್ತಾರೆ. ಹೊಡೆಯಬಾರದೆಂದು ನಿಲ್ಲಿಸಿದ ಬಿಳಿಯ ಹಲಗೆಗೆ ತಗುಲಿದರೂ 10 ಅಂಕ ಕಳೆಯುತ್ತಾರೆ.

ಹೀಗೆ ಬಂದ ಒಟ್ಟು ಅಂಕವನ್ನು ಸೆಕೆಂಡುಗಳಿಂದ ಭಾಗಿಸಬೇಕು. ಭಾಗಲಬ್ಧವೇ ಹಿಟ್ ಫ್ಯಾಕ್ಟರ್, ಅಂದರೆ ಒಂದು ಸೆಕೆಂಡಿಗೆ ಸಂಪಾದಿಸಿದ ಅಂಕ. ಅತಿ ಹೆಚ್ಚು ಹಿಟ್ ಫ್ಯಾಕ್ಟರ್ ಪಡೆದವನಿಗೆ ಆ ಹಂತದ ಪೂರ್ಣ ಅಂಕ. ಉಳಿದವರಿಗೆ ಅವನ ಅನುಪಾತದಲ್ಲಿ. ಎಲ್ಲ ಹಂತಗಳ ಮೊತ್ತವೇ ಫಲಿತಾಂಶ.

ಅಂದು ಮನೆಗೆ ಬಂದು ನಾನು ಹಾಕಿದ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಹನ್ನೆರಡು ಹಲಗೆ, ಒಂದೊಂದಕ್ಕೆ ಎರಡು ಗುಂಡು, ಒಟ್ಟು 120 ಅಂಕದ ಹಂತ ಎನ್ನಿ. ಮೂವರೂ ಮೈನರ್ ಸ್ಪರ್ಧಿಗಳು. ಮೊದಲನೆಯವನು ನಿಧಾನಿ, 24 ಗುಂಡುಗಳೂ ಎ ವಲಯಕ್ಕೆ, ಪೂರ್ತಿ 120 ಅಂಕ, ಕಾಲ 20 ಸೆಕೆಂಡು, ಹಿಟ್ ಫ್ಯಾಕ್ಟರ್ 6. ಎರಡನೆಯವನು 20 ಎ, 4 ಸಿ. 112 ಅಂಕ, 16 ಸೆಕೆಂಡು. ಹಿಟ್ ಫ್ಯಾಕ್ಟರ್ 7. ಮೂರನೆಯವನು ಗಾಳಿಯಂತೆ ಓಡಿ 13 ಸೆಕೆಂಡಿನಲ್ಲಿ ಮುಗಿಸಿದ; ಆದರೆ 14 ಎ, 7 ಸಿ, 1 ಡಿ, ಎರಡು ಗುರಿ ತಪ್ಪಿದವು. 92ರಲ್ಲಿ 20 ಕಳೆದು 72 ಅಂಕ. ಹಿಟ್ ಫ್ಯಾಕ್ಟರ್ 5.54. ಪರಿಣಾಮವಾಗಿ ಎರಡನೆಯವನಿಗೆ 120, ನಿಧಾನಿಗೆ 102.86, ಓಡಿದವನಿಗೆ 94.95. ನೋಡುವವರು ಚಪ್ಪಾಳೆ ತಟ್ಟಿದ್ದು ಓಡಿದವನಿಗೆ, ಅವನೇ ಕೊನೆಯವನು. 'ನಿಧಾನವೇ ಪ್ರಧಾನ' ಎಂದು ನಂಬಿ ಬಂದ ನನ್ನಂಥವನ ಎಣಿಕೆಯೂ ತಪ್ಪಾಯಿತು. ಒಂದೂ ತಪ್ಪು ಮಾಡದವನು ಎರಡನೆಯ ಸ್ಥಾನದಲ್ಲಿ ಉಳಿದ.

ಈ ಕ್ರಮವನ್ನು ನಾನು ಮೆಚ್ಚಲು ಇದಕ್ಕಿಂತ ಆಳದ ಕಾರಣವಿದೆ. ಇದೇ ಕ್ರೀಡೆಯ ದಾಯಾದಿಯಂತಿರುವ ಐಡಿಪಿಎ ಎಂಬ ಸಂಘದವರು ಕಾಲಕ್ಕೆ ದಂಡ ಕೂಡಿಸುತ್ತಾರೆ. ಕಳೆದುಕೊಂಡ ಪ್ರತಿ ಅಂಕಕ್ಕೆ 2017ರಿಂದ ಒಂದು ಸೆಕೆಂಡು. ಅಲ್ಲಿ ತಪ್ಪಿನ ಬೆಲೆ ಎಲ್ಲರಿಗೂ ಒಂದೇ. ಭಾಗಿಸುವ ಕ್ರಮದಲ್ಲಿ ಹಾಗಲ್ಲ. ಹಿಟ್ ಫ್ಯಾಕ್ಟರ್ 7 ಇರುವವನಿಗೆ ಒಂದು ಸೆಕೆಂಡು 7 ಅಂಕಕ್ಕೆ ಸಮ. ಎ ಬದಲು ಸಿ ಹೊಡೆದು ಕಳೆದುಕೊಳ್ಳುವ 2 ಅಂಕ ಅವನಿಗೆ 0.29 ಸೆಕೆಂಡು ಮಾತ್ರ. ಇನ್ನೂ ಸರಿಯಾಗಿ ಗುರಿಯಿಡಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದಾದರೆ ಅವನು ಮುಂದೆ ಓಡುವುದೇ ಮೇಲು. ಹಿಟ್ ಫ್ಯಾಕ್ಟರ್ 3 ಇರುವ ಹೊಸಬನಿಗೆ ಅದೇ 2 ಅಂಕ 0.67 ಸೆಕೆಂಡಿಗೆ ಸಮ. ಗುರಿ ತಪ್ಪಿದರೆ ಬರಬೇಕಾದ 5 ಅಂಕ ಹೋಗಿ, ಮೇಲೆ 10 ಕಳೆದು, 15 ಅಂಕದ ನಷ್ಟ. ವೇಗಿಗೆ ಅದು ಎರಡು ಸೆಕೆಂಡಿಗೆ ಸ್ವಲ್ಪ ಮೇಲೆ. ಹೊಸಬನಿಗೆ ಪೂರ್ತಿ ಐದು ಸೆಕೆಂಡು. ಅಂದರೆ, ಕೈ ಎಷ್ಟು ನಿಧಾನವೋ ತಪ್ಪು ಅಷ್ಟು ದುಬಾರಿ. ವೇಗ ಕಲಿತವನಿಗೆ ಅವಸರ ಲಾಭ ತಂದೀತು. ಕಲಿಯುತ್ತಿರುವವನಿಗೆ ಎಚ್ಚರಿಕೆಯೇ ಲಾಭ.

ಈ ಸಾಲನ್ನು ಬರೆದಿಟ್ಟುಕೊಂಡ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ತೊಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದ ಒಂದು ಮೆಟ್ಟಿಲನ್ನೂ ಬಿಡದೆ, ಗೆರೆ ಎಳೆದು, ಮುತ್ತು ಪೋಣಿಸಿದಂತೆ ಬರೆಯುವವನು. ಬರೆದದ್ದೆಲ್ಲ ಸರಿ, ಆದರೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕಡೆಯ ಎರಡು ಪ್ರಶ್ನೆ ಮುಟ್ಟಲಿಲ್ಲ. ತೇರ್ಗಡೆಗೆ ಸಾಕಾಗುವಷ್ಟು ಅಂಕ ಆಗಲೂ ಬಂದಿತ್ತು. ನಾನು ಸುಮ್ಮನಿರಬಹುದಿತ್ತು. ಒಂದು ತಿಂಗಳು ಅವನ ಬೆನ್ನ ಹಿಂದೆ ನಿಂತು, "ಬೇಗ, ಬೇಗ, ಕೈ ಓಡಲಿ" ಎಂದು ಅವಸರಪಡಿಸಿದೆ. ಪಬ್ಲಿಕ್ ಪರೀಕ್ಷೆಯ ದಿನ ಹೊರಗೆ ಬಂದವನೇ, "ಎಲ್ಲಾ ಬರೆದೆ ಸಾರ್" ಎಂದು ನಗುತ್ತಾ ಹೇಳಿದ. ಫಲಿತಾಂಶ ಬಂದಾಗ ಗಣಿತದಲ್ಲಿ ನಾಲ್ಕು ಅಂಕ ಕಡಿಮೆಯಾಗಿ ಅನುತ್ತೀರ್ಣನಾಗಿದ್ದ. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಪರೀಕ್ಷೆಯಲ್ಲಿ ಕಾಲ ಗೋಡೆಯೇ ಹೊರತು ಭಾಜಕವಲ್ಲ, ಅಲ್ಲಿಯ ಲೆಕ್ಕ ಬೇರೆ ಎಂಬುದು ನನಗೆ ತಿಳಿಯದ್ದೇನಲ್ಲ. ಆದರೆ ತರಗತಿಯ ಮೊದಲ ಬೆಂಚಿನವರಿಗೆ ಹೇಳಬೇಕಾದ ಬುದ್ಧಿಮಾತನ್ನು ಅವನಿಗೆ ಹೇಳಿದೆನಲ್ಲ ಎಂಬ ಕೊರಗು ಉಳಿದಿದೆ. ಅವನ ಒಂದು ತಪ್ಪಿನ ಬೆಲೆಯೆಷ್ಟು ಎಂದು ಗಣಿತದ ಮೇಷ್ಟ್ರಾದ ನಾನು ಎಣಿಸಿ ನೋಡಲಿಲ್ಲ.

ಈ ಕ್ರಮದಲ್ಲಿ ಇನ್ನೂ ಕೆಲವು ಒಳ್ಳೆಯ ಗುಣಗಳಿವೆ. ಗುರಿ ತಪ್ಪಿತೆಂದು ತನಗೇ ಗೊತ್ತಾದರೆ ಸ್ಪರ್ಧಿ ಮತ್ತೊಂದು ಗುಂಡು ಹಾರಿಸಿ ಸರಿಪಡಿಸಿಕೊಳ್ಳಬಹುದು. ಖರ್ಚಾಗುವುದು ಅವನದೇ ಕಾಲ. ತಿದ್ದಿಕೊಂಡವನಿಗೆ ಬೇರೆ ದಂಡವಿಲ್ಲ. ಗುಂಡಿನ ತೂತು ಎರಡು ವಲಯಗಳ ಗೆರೆಯನ್ನು ಮುಟ್ಟಿದ್ದರೆ ಹೆಚ್ಚಿನ ಅಂಕವನ್ನೇ ಕೊಡುತ್ತಾರೆ. ಹಲಗೆ ನೋಡಿ ಅಧಿಕಾರಿ ಅಂಕ ಕೂಗುವಾಗ ಸ್ಪರ್ಧಿ ಪಕ್ಕದಲ್ಲೇ ನಿಂತು ನೋಡಬಹುದು, ಒಪ್ಪದಿದ್ದರೆ ಅಲ್ಲೇ ಕೇಳಬಹುದು. ಉತ್ತರಪತ್ರಿಕೆಯ ನಕಲು ಪ್ರತಿಯನ್ನು ವಿದ್ಯಾರ್ಥಿಯ ಕೈಗೆ ಕೊಡಲು ನಾವು ಎಷ್ಟು ಕಾಲ ತೆಗೆದುಕೊಂಡೆವು ಎಂಬುದು ನೆನಪಾಯಿತು.

ದೋಷವೂ ಇದೆ, ಅದನ್ನು ಮುಚ್ಚಿಡಬಾರದು. ನನ್ನ ಅಂಕ ನನ್ನ ಕೈಯಲ್ಲಷ್ಟೇ ಇಲ್ಲ, ಗೆದ್ದವನ ಕೈಯಲ್ಲೂ ಇದೆ. 120 ಅಂಕದ ಹಂತದಲ್ಲಿ ನನ್ನ ಹಿಟ್ ಫ್ಯಾಕ್ಟರ್ 6, ನಿಮ್ಮದು 5 ಎನ್ನಿ. ನಾವಿಬ್ಬರೇ ಇದ್ದರೆ ನನಗೆ 120, ನಿಮಗೆ 100, ಅಂತರ 20. ಹಿಟ್ ಫ್ಯಾಕ್ಟರ್ 10ರ ನಿಪುಣನೊಬ್ಬ ಬಂದರೆ ನನಗೆ 72, ನಿಮಗೆ 60. ಅಂತರ 12ಕ್ಕೆ ಇಳಿಯಿತು. ಇನ್ನೊಂದು ಹಂತದಲ್ಲಿ ನೀವು ನನಗಿಂತ 15 ಅಂಕ ಮುಂದಿದ್ದರೆ, ಆ ಮೂರನೆಯವನು ಇಲ್ಲದಾಗ ನಾನು ಗೆಲ್ಲುತ್ತೇನೆ, ಇದ್ದಾಗ ನೀವು! ನಾವಿಬ್ಬರೂ ಮಾಡಿದ್ದರಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಇತರರೊಡನೆ ಹೋಲಿಸಿ ಅಂಕ ಕೊಡುವ ಪದ್ಧತಿಗಳಿಗೆಲ್ಲ ಅಂಟಿದ ದೋಷ ಇದು. 2019ರಿಂದ ಜೆಇಇ ಮೇನ್ ಪರೀಕ್ಷೆಗೆ ಬಂದ ಪರ್ಸೆಂಟೈಲ್ ಕ್ರಮದಲ್ಲಿಯೂ ನಮ್ಮ ಮಕ್ಕಳ ಫಲ ಇತರರನ್ನು ಅವಲಂಬಿಸಿದೆ. ಆಟದಲ್ಲಿ ಇದನ್ನು ಸಹಿಸಬಹುದು. ಮಕ್ಕಳ ಭವಿಷ್ಯದ ವಿಷಯದಲ್ಲಿ ಇನ್ನಷ್ಟು ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ.

ಕಡೆಯದಾಗಿ, ಅಂದು ನಾನು ಕಣ್ಣಾರೆ ಕಂಡ ಒಂದು ಪ್ರಸಂಗ. ಬೆಳಗಿನಿಂದ ಮುಂದಿದ್ದ ಒಬ್ಬ ತರುಣ, ಎಡಕ್ಕೆ ಓಡುತ್ತಾ ಮ್ಯಾಗಜೀನ್ ಬದಲಿಸುವಾಗ ಪಿಸ್ತೂಲಿನ ಬಾಯಿ ಒಂದು ಕ್ಷಣ ಹಿಂದಕ್ಕೆ ತಿರುಗಿತು. "ಸ್ಟಾಪ್" ಎಂದು ಅಧಿಕಾರಿ ಕೂಗಿದರು. ಗುಂಡು ಹಾರಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಆದರೂ ಅವನ ಸ್ಪರ್ಧೆ ಅಲ್ಲಿಗೆ ಮುಗಿಯಿತು; ಹಿಂದಿನ ಹಂತಗಳ ಅಂಕವೂ ಲೆಕ್ಕಕ್ಕಿಲ್ಲ. ಪಿಸ್ತೂಲು ಕೈಜಾರಿ ಬಿದ್ದರೂ, ಓಡುವಾಗ ಬೆರಳು ಟ್ರಿಗರ್ ಬಳಿಗೆ ಹೋದರೂ ಇದೇ ಶಿಕ್ಷೆಯಂತೆ. ನಿಖರತೆಯನ್ನು ವೇಗಕ್ಕೆ, ವೇಗವನ್ನು ಶಕ್ತಿಗೆ ಅದಲುಬದಲು ಮಾಡಿಕೊಳ್ಳಬಹುದು. ಪಕ್ಕದವರ ಪ್ರಾಣವನ್ನು ಮಾತ್ರ ಯಾವ ಅಂಕಕ್ಕೂ ಬದಲಿಸಲಾಗದು. ಅದು ಭಾಗಾಕಾರದ ಒಳಗೆ ಬರುವುದೇ ಇಲ್ಲ. ಆ ತರುಣ ಮುಖ ಕೆಂಪಗಾಗಿಸಿಕೊಂಡು ಪಿಸ್ತೂಲನ್ನು ಚೀಲಕ್ಕೆ ಹಾಕಿದ. ಮನೆಗೆ ಹೋಗಲಿಲ್ಲ. ಸಂಜೆಯವರೆಗೂ ಇತರರ ಹಲಗೆಗಳ ತೂತುಗಳಿಗೆ ಕಂದು ಚೀಟಿ ಅಂಟಿಸುತ್ತಾ ಇದ್ದ.

ನನ್ನ ಓದುಗರಲ್ಲಿ ಮೇಷ್ಟ್ರುಗಳು ಅನೇಕರಿದ್ದೀರಿ. ಮುಂದಿನ ಸಲ ಯಾವುದಾದರೂ ಮಗುವಿಗೆ "ಬೇಗ ಬರಿ" ಎನ್ನುವ ಮೊದಲು, ಆ ಮಗುವಿಗೆ ಒಂದು ನಿಮಿಷದ ಬೆಲೆಯೆಷ್ಟು, ಒಂದು ತಪ್ಪಿನ ಬೆಲೆಯೆಷ್ಟು ಎಂದು ಒಮ್ಮೆ ಭಾಗಿಸಿ ನೋಡಿ. ನಾನು ನೋಡಿರಲಿಲ್ಲ. ಆ ಹುಡುಗ ಈಗ ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ. ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾನೆ. ಬಿಲ್ಲು ಬರೆಯುವಾಗ ಈಗಲೂ ಒಂದು ಸಾಲನ್ನೂ ಬಿಡುವುದಿಲ್ಲ.