ಹಿತ್ತಲಿನ ಮೀನುಕೊಳವೂ ನೀರಿನ ಲೆಕ್ಕವೂ

ಬಣ್ಣದ ಮೀನು ಸಾಕುವುದು ಹಣವಂತರ ಹುಚ್ಚೆಂದು ನನ್ನ ಸಹಪಾಠಿಗಳಲ್ಲಿ ಅನೇಕರು ಹೇಳುವುದುಂಟು. ಜನರು ಕೊಡ ಹಿಡಿದು ಕಾಯುವ ಊರಿನಲ್ಲಿ ಮೀನಿಗೆ ಕೊಳವೇಕೆ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲವೆಂದು ಹೇಳಲಾರೆ. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಿದ್ದನ್ನು ಗಡಿಯ ಈಚೆಯ ನಾವು ಮರೆತಿಲ್ಲ. ಆದರೂ ಕೊಳವೇ ಬೇಡವೆಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಕೊಳ ಕಟ್ಟಿಸುವವರು ಮೊದಲು ನೀರಿನ ಲೆಕ್ಕ ಬರೆಯಲಿ, ಅನಂತರ ಮೀನು ತರಲಿ ಎಂಬುದಷ್ಟೇ ನನ್ನ ಮತ.

ಇದನ್ನು ಹೇಳಲು ನನಗೆ ಸ್ವಲ್ಪ ಅಧಿಕಾರವೂ ಉಂಟು. ನಮ್ಮ ತಂದೆಯವರು ಗಾಂಧಿ ಗಂಜದಲ್ಲಿ ಹಮಾಲರು. ತೊಗರಿ, ಉದ್ದು, ಸೋಯಾ ಚೀಲಗಳನ್ನು ಹೊತ್ತೇ ನನ್ನನ್ನು ಬಿ.ಎ. ಕೊನೆಯ ವರ್ಷದವರೆಗೆ ತಂದಿದ್ದಾರೆ. ಅಲ್ಲಿಯ ಅಡತಿ ವ್ಯಾಪಾರಿಯೊಬ್ಬರ ಹಿತ್ತಲಿನ ಕೊಳವನ್ನು ಎರಡು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ನನ್ನ ಪರೀಕ್ಷೆಯ ಫೀ ಆ ಮೀನುಗಳೇ ಕಟ್ಟುತ್ತಿವೆಯೆಂದರೂ ಸಲ್ಲುತ್ತದೆ.

ಕೊಯ್ ಎಂಬುದು ಗೆಂಡೆಯ ಕುಲದ ಮೀನು. ಜಪಾನಿನ ನೀಗಾಟ ಪ್ರಾಂತದ ಗುಡ್ಡಗಾಡಿನ ರೈತರು ಊಟಕ್ಕೆಂದು ಸಾಕಿದ ಗೆಂಡೆಗಳಲ್ಲಿ ಬಣ್ಣ ಕಂಡವುಗಳನ್ನು 19ನೆಯ ಶತಮಾನದಲ್ಲಿ ಆರಿಸಿ ಬೆಳೆಸಿದರು. ಬಡ ರೈತರ ಮೀನು ಸಾಹುಕಾರರ ಹಿತ್ತಲು ಸೇರಿದ್ದು ಹೀಗೆ. ಅಂಗಡಿಯಲ್ಲಿ ಬೆರಳುದ್ದ ಕಾಣುವ ಮರಿ ಎರಡಡಿಯವರೆಗೂ ಬೆಳೆಯಬಲ್ಲದು, ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಕೊಳ್ಳುವಾಗ ಇದನ್ನು ಯೋಚಿಸುವವರು ಕಡಿಮೆ.

ನೀರು ಹಸಿರಾಯಿತೆಂದರೆ ಕೊಳವನ್ನು ಬರಿದುಮಾಡಿ ಉಜ್ಜಿ ತೊಳೆಯಬೇಕೆಂಬ ನಂಬಿಕೆ ನಮ್ಮಲ್ಲಿದೆ. ಇದಕ್ಕಿಂತ ದೊಡ್ಡ ಕೇಡಿಲ್ಲ. ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಹಾಕುತ್ತದೆ. ಅದು ಮೀನಿಗೇ ವಿಷ. ಕೊಳದ ಗೋಡೆಗೂ ಸೋಸುವ ಜಲ್ಲಿಗೂ ಅಂಟಿಕೊಂಡ ಸೂಕ್ಷ್ಮಾಣುಗಳು ಆ ವಿಷವನ್ನು ಮೊದಲು ನೈಟ್ರೈಟಾಗಿಯೂ ಬಳಿಕ ಅಷ್ಟೇನೂ ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ವಾರಗಳೇ ಬೇಕು. ಕಳೆದ ದೀಪಾವಳಿಗೆ ಮನೆಯವರು ನಾನು ಬೇಡವೆಂದರೂ ಕೇಳದೆ ಎಲ್ಲವನ್ನೂ ಬ್ಲೀಚಿಂಗ್ ಪುಡಿಯಿಂದ ತೊಳೆಸಿ, ನಲ್ಲಿಯ ನೀರನ್ನು ನೇರವಾಗಿ ತುಂಬಿಸಿದರು. ವಾರದೊಳಗೆ ಹನ್ನೊಂದರಲ್ಲಿ ಏಳು ಮೀನು ಸತ್ತವು. ಬೈಗುಳ ಮಾತ್ರ ಮೀನು ಕಾಯುವ ಹುಡುಗನ ಪಾಲಿಗೆ ಬಂತು! ಹತ್ತಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳದ ಕೊಳವದು. ಸುಮಾರು 6,800 ಲೀಟರ್ ನೀರು ಅಂದು ಚರಂಡಿಗೆ ಹೋಯಿತು. ಆ ವಾರ ನಮ್ಮ ಓಣಿಗೆ ನಲ್ಲಿ ಬಂದದ್ದು ಒಂದೇ ಸಲ. ಮೀನು ಸತ್ತದ್ದಕ್ಕಿಂತ ನನ್ನ ತಾಯಿಯವರಿಗೆ ನೋವಾದದ್ದು ಆ ನೀರಿಗೆ.

ವಾರಕ್ಕೆ ಹತ್ತರಲ್ಲೊಂದು ಪಾಲು, ಅಂದರೆ 680 ಲೀಟರ್, ಬದಲಿಸಿದರೆ ಸಾಕು. ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ. ತೆಂಗಿಗೂ ಕರಿಬೇವಿಗೂ ಹೇಗೂ ಹಾಕಬೇಕಾದ ನೀರು ಮೀನಿನ ಮನೆಯನ್ನು ಹಾಯ್ದು ಹೋಗುತ್ತದೆ, ಅಷ್ಟೆ. ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 930 ಲೀಟರ್ ಆಗುತ್ತದೆ. ಬೇಸಿಗೆಗೆ ಇದು ಸಾಲದೆಂಬುದು ನಿಜ. ಆದರೆ ಮೀನು ಕಡಿಮೆಯಿದ್ದಷ್ಟೂ, ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿದಷ್ಟೂ ನೀರು ಕೆಡುವುದು ನಿಧಾನ. ಮೇ ತಿಂಗಳ ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ಕಂಡು ಹಸಿವೆಯೆಂದು ಭ್ರಮಿಸಬಾರದು. ಬೇಡವಾದ ಮೀನನ್ನು ಪಾಪನಾಶ ಕೆರೆಗೆ ಬಿಡುವುದೂ ಸಲ್ಲದು. ಗೆಂಡೆ ಕೆಸರು ಕೆದಕಿ ನೀರನ್ನು ಕದಡುತ್ತದೆ.

ನೀರನ್ನು ಅಳೆದು ಬಳಸುವುದು ಬೀದರಿಗೆ ಹೊಸ ಪಾಠವೇನಲ್ಲ. 15ನೆಯ ಶತಮಾನದಲ್ಲಿ, ಬಹಮನಿ ಅರಸರ ಕಾಲದಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ ಸುರಂಗ ಬಾವಿ ನೌಬಾದಿನಲ್ಲಿ ಇಂದಿಗೂ ಇದೆ. ನೆಲದ ಇಳಿಜಾರೊಂದನ್ನೇ ನಂಬಿ ಅಂತರ್ಜಲವನ್ನು ಹರಿಸಿದ ವ್ಯವಸ್ಥೆಯದು. ಕೋಟೆಯ ಲಾಲ್ ಬಾಗಿನಲ್ಲಿ ಕೊಳ ಕಟ್ಟಿದವರು ನೀರಿನ ದಾರಿಯನ್ನೂ ಕಟ್ಟಿದ್ದರು.

ಉಳಿದ ನಾಲ್ಕು ಮೀನುಗಳಿಗೆ ಜೊತೆ ತರಬೇಕೆಂದು ಮನೆಯವರು ಈಗ ಹೇಳುತ್ತಿದ್ದಾರೆ. ಮೊದಲು ಮಾಳಿಗೆಯ ನೀರಿಗೊಂದು ತೊಟ್ಟಿ ಕಟ್ಟಿಸಿರೆಂದು ನಾನು ಕೇಳಿದ್ದೇನೆ. ಗೌಂಡಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಮೃಗಶಿರ ಮಳೆಗೆ ಮುಂಚೆ ಕೆಲಸ ಮುಗಿಯಬೇಕು.